ಗೋಡೆಯಿಲ್ಲದ ಒಂದು ವಾರ

"ಯಾವುದಾದ್ರೂ ಸರಿ" ಎಂದು ಹೆಂಡತಿ ಹೇಳಿದ್ದೇ ಆ ದಿನದ ತೊಂದರೆಗೆಲ್ಲ ಮೂಲವಾಯಿತು.

ಆಲೂಗಡ್ಡೆ ಯಾರ್ಡಿನಲ್ಲಿ ಹರಾಜು ಕೂಗುವ ಅವನಿಗೆ ಮದುವೆಯಾಗಿ ಮೂರು ವರ್ಷ. ಹೆಂಡತಿಯ ಆ ಮಾತಿಗೆ ಅರ್ಥವೇನು ಎಂದು ತಿಳಿದುಕೊಳ್ಳಲು ಮೂರು ವರ್ಷ ಧಾರಾಳವಾಯಿತು. ಎರಡರಲ್ಲಿ ಒಂದು ಸರಿ, ಇನ್ನೊಂದು ತಪ್ಪು. ಯಾವುದು ಯಾವುದೆಂದು ಅವನೇ ಕಂಡುಹಿಡಿಯಬೇಕು. ಎಡವಿದನೋ, ವರ್ಷ ಕಳೆದ ಮೇಲೂ ಅದು ಅನ್ನದೊಳಗಿನ ಕಲ್ಲಿನ ಹಾಗೆ ಮಾತಿನ ನಡುವೆ ಹಲ್ಲಿಗೆ ಸಿಗುತ್ತಿರುತ್ತದೆ.

ಹಾಸಿಗೆಯ ಮೇಲೆ ಎರಡು ಬಣ್ಣದ ಹಾಳೆಗಳು ಹರಡಿಕೊಂಡಿದ್ದವು. ಒಂದರಲ್ಲಿ ಪೂರ್ವ ಕೆರಿಬಿಯನ್: ಹಾಲಿನಂಥ ಮರಳು, ಬಾಗಿದ ಮರಗಳು. ಇನ್ನೊಂದರಲ್ಲಿ ಪಶ್ಚಿಮ ಕೆರಿಬಿಯನ್: ಕಾಡಿನ ನಡುವೆ ಹಳೆಯ ಕಲ್ಲಿನ ಕಟ್ಟಡಗಳು, ನೀರು ತುಂಬಿದ ಗುಹೆಗಳು. ಹಡಗು ಎರಡರಲ್ಲೂ ಒಂದೇ ಥರ, ಬಿಳಿಯ ಬೀರು ಅಡ್ಡ ಮಲಗಿದ ಹಾಗಿತ್ತು. ಮದುವೆಯಾದಾಗಿನಿಂದ ಗಂಡಹೆಂಡತಿ ಕೂಡಿಟ್ಟದ್ದೆಲ್ಲ ಈ ಒಂದು ವಾರದ ಹಡಗಿನ ಪ್ರವಾಸಕ್ಕೆ. ಅಷ್ಟು ದೂರವೇ ಏಕೆಂದರೆ, ಟಿಕೆಟ್ಟಿನ ಅಂಗಡಿಯ ಭೂಪಟದಲ್ಲಿ ತಮ್ಮ ಪರಿಚಯದವರು ಒಬ್ಬರೂ ಕಾಲಿಡದ ಜಾಗ ಅದೊಂದೇ ಇತ್ತು. ಆ ಸಂಜೆ ಅಂಗಡಿ ಮುಚ್ಚುವುದರೊಳಗೆ ದಾರಿ ಯಾವುದೆಂದು ಹೇಳದಿದ್ದರೆ ರಿಯಾಯಿತಿ ಹೋಗುತ್ತದೆ, ರಿಯಾಯಿತಿ ಹೋದರೆ ಹಡಗೂ ಹೋದ ಹಾಗೆಯೇ.

"ಸರಿಯಾಗಿ ಹೇಳೇ," ಎಂದ ಅವನು, ಕಿವಿಯ ಹತ್ತಿರ ಬಾಯಿಟ್ಟು. "ಪೂರ್ವಾನಾ, ಪಶ್ಚಿಮಾನಾ?"

"ನಿಮಗೆ ಯಾವುದು ಇಷ್ಟವೋ ಅದೇ," ಎಂದಳು ಅವಳೂ ಅಷ್ಟೇ ಮೆಲ್ಲಗೆ.

"ಪೂರ್ವಕ್ಕೆ ಹೋಗಪ್ಪ," ಎಂದಿತು ಗೋಡೆ.

ಗೋಡೆ ಎಂದರೆ ಗೋಡೆಯಾಚೆಯ ಮೇಷ್ಟ್ರು. ಎರಡು ಮನೆಗೂ ಮಹಡಿಯಲ್ಲಿ ಒಂದೇ ಗೋಡೆ, ಅದೂ ಒಂಟಿ ಇಟ್ಟಿಗೆಯದು. ನಿವೃತ್ತರಾದ ಮೇಷ್ಟ್ರು ಆ ಕಡೆ ಅದಕ್ಕೇ ತಲೆಯಿಟ್ಟು ಮಲಗುತ್ತಿದ್ದರು. ಮದುವೆಯಾದ ಹೊಸದರಲ್ಲಿ ಇವನು ಹೆಂಡತಿಗೆ ಒಂದು ಸಣ್ಣ ಸುಳ್ಳು ಹೇಳಿದಾಗ, "ಆವತ್ತು ಹಾಗಲ್ಲವಲ್ಲಪ್ಪ ನೀನು ಹೇಳಿದ್ದು" ಎಂದು ತಿದ್ದಿದವರೂ ಅವರೇ. ಅಂದಿನಿಂದ ದಂಪತಿಗಳು ಸಂಸಾರದ ಅರ್ಧ ಮಾತನ್ನು ಕಣ್ಣಲ್ಲೇ ಮುಗಿಸುತ್ತಿದ್ದರು.

"ಯಾವ ಪೂರ್ವ? ಯಾರು ಹೋಗ್ತಿರೋದು?" ಎಂದು ಕೆಳಗಿನಿಂದ ಅಮ್ಮನ ದನಿ ಮೆಟ್ಟಿಲೇರಿ ಬಂತು.

ಅವನು ಕಣ್ಣು ಮುಚ್ಚಿಕೊಂಡ. ಅಮ್ಮನಿಗೆ ಹೊರಡುವ ಹಿಂದಿನ ದಿನ ಹೇಳೋಣವೆಂದು ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದರು.

ವಿಷಯ ಪೂರ್ತಿ ತಿಳಿದ ಮೇಲೆ ಅಮ್ಮ ಬೇಡವೆನ್ನಲಿಲ್ಲ. ಬೇಡವೆಂದಿದ್ದರೆ ಒಂದು ಜಗಳದಲ್ಲಿ ಮುಗಿಯುತ್ತಿತ್ತು. "ಹೋಗಿ ಬನ್ನಿ. ಆದರೆ ಪೂರ್ವ ಮಾತ್ರ ಬೇಡ," ಎಂದಳು. ಏಕೆ ಎಂದು ಕೇಳಿದರೆ ಗೋಡೆಯ ಕಡೆ ಕೈ ತೋರಿಸಿದಳು. "ಆ ಮನುಷ್ಯನ ಟ್ಯಾಂಕಿನ ನೀರು ನನ್ನ ಒಣಗಿದ ಬಟ್ಟೆ ಮೇಲೆ ಬೀಳೋದನ್ನ ನಿಲ್ಲಿಸೋಕೆ ಬುದ್ಧಿ ಓಡಲಿಲ್ಲ, ಸಮುದ್ರದ ದಾರಿ ಹೇಳ್ತಾನಂತೆ."

ಅವನು ಯಾರ್ಡು ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. ಅಮ್ಮ ತನ್ನ ದೊಡ್ಡಪ್ಪನ ಮಗನಿಗೆ ಫೋನು ಮಾಡಿದ್ದಳು. ಗೋಣಿಚೀಲದ ವ್ಯಾಪಾರ ಮಾಡುವ ಆತ ಇವನಿಗೆ ಸೋದರಮಾವ. ಇವನ ಬಾಯಿಂದ ಕೇಳಿ ಕೇಳಿ ಇಡೀ ಯಾರ್ಡಿಗೇ ಗೋಣಿ ಮಾವನಾಗಿದ್ದ. ಮೇಷ್ಟ್ರೂ ಬೆಳಗಿನ ವಾಕಿಂಗನ್ನು ಎಂದಿಗಿಂತ ಉದ್ದಮಾಡಿ ಯಾರ್ಡಿನೊಳಗೇ ಮುಗಿಸಿದ್ದರು.

"ಅಳಿಯ, ಬಾ ಇಲ್ಲಿ," ಎಂದ ಗೋಣಿ ಮಾವ, ಚೀಲದ ಅಟ್ಟಿಯ ಮೇಲೆ ಕುಳಿತೇ. "ಮರಳು ನೋಡೋಕೆ ಹಡಗು ಹತ್ತಬೇಕೇನೋ? ನನ್ನ ಅಂಗಡಿ ಹಿಂದೆ ಎರಡು ಲಾರಿ ಬಿದ್ದಿದೆ. ಅಲ್ಲೇ ಒಂದು ಕುರ್ಚಿ ಹಾಕ್ಕೊಂಡು ಕೂತ್ಕೊ, ನಿನ್ನ ಹೆಂಡ್ತೀನೂ ಕರ್ಕೊಂಡು ಬಾ. ಪಶ್ಚಿಮಕ್ಕೆ ಹೋಗು. ಕಟ್ಟಡ ಇದೆ, ಗುಹೆ ಇದೆ. ಕೊಟ್ಟ ಕಾಸಿಗೆ ನೋಡೋಕೆ ಏನಾದ್ರೂ ಬೇಡವಾ?"

"ಬಿದ್ದುಹೋದ ಕಟ್ಟಡ ನೋಡೋಕೆ ಹೊಸ ಸಂಸಾರ ಹೋಗಬಾರದು," ಎಂದರು ಮೇಷ್ಟ್ರು. "ಮನಸ್ಸಿಗೆ ಅಷ್ಟು ಒಳ್ಳೇದಲ್ಲ."

"ನಿಮ್ಮ ಸ್ಕೂಲೂ ಬಿದ್ದುಹೋದ ಹಾಗೇ ಇತ್ತಲ್ಲ ಮೇಷ್ಟ್ರೇ. ಮೂವತ್ತು ವರ್ಷ ನೋಡಿದ್ರಿ, ಚೆನ್ನಾಗೇ ಇದ್ದೀರಿ."

ಕೊಳ್ಳಲು ಬಂದವರು, ಹಮಾಲರು, ತೂಕದವನು ಎಲ್ಲರೂ ಸುತ್ತ ಸೇರಿದರು. ಸಮುದ್ರವನ್ನೇ ನೋಡದ ಲಾರಿ ಡ್ರೈವರೊಬ್ಬ, ಪಶ್ಚಿಮದ ಕಡೆ ಅಲೆ ಜಾಸ್ತಿ, ಹೊಟ್ಟೆ ತೊಳಸುತ್ತದೆ ಎಂದ. ಇನ್ನೊಬ್ಬ ಅದು ಪೂರ್ವದ ಕಡೆ ಎಂದ. ಹೊತ್ತು ಮೀರುತ್ತಿದ್ದುದರಿಂದ ಅವನು ಹಾಳೆಗಳನ್ನು ಜೇಬಿಗೆ ತುರುಕಿ ಕಟ್ಟೆ ಹತ್ತಿ ಹರಾಜು ಶುರು ಮಾಡಿದ.

ಅವರ ಯಾರ್ಡಿನಲ್ಲಿ ಕೂಗುವುದು ಹರಾಜಿನವನ ಕೆಲಸ ಮಾತ್ರ. ಕೊಳ್ಳುವವರು ಬಾಯಿ ಬಿಡುವುದಿಲ್ಲ, ಕೈ ಎತ್ತುತ್ತಾರೆ. ಒಂದು ಕೈ ಎದ್ದರೆ ಬೆಲೆ ಒಂದು ಮೆಟ್ಟಿಲು ಏರುತ್ತದೆ. ಕೊನೆಗೆ ಎದ್ದ ಕೈ ಯಾರದೋ, ಮಾಲು ಅವರದು. ತಲೆ ಕೆರೆಯಲು ಎತ್ತಿದೆ, ನೊಣ ಓಡಿಸಲು ಎತ್ತಿದೆ ಎಂದು ಆಮೇಲೆ ಹೇಳುವಂತಿಲ್ಲ. ಹಾಗೆ ಹೇಳಿದವರನ್ನು ಕಂಡು ಕಂಡೇ ಹಿರಿಯರು ಆ ಕಟ್ಟಳೆ ಮಾಡಿದ್ದರು.

ಒಳ್ಳೆಯ ಮಾಲೆಲ್ಲ ಸಲೀಸಾಗಿ ಹೋಯಿತು. ಕೊನೆಗೆ ಮೂಲೆಯಲ್ಲಿದ್ದ ಮೊಳಕೆಯೊಡೆದ ಆಲೂಗಡ್ಡೆಯ ರಾಶಿ ಬಂತು. ಅದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಅವನು ತೀರಾ ಕಡಿಮೆಯ ಬೆಲೆ ಕೂಗಿ ಕಾಯುತ್ತಾ ನಿಂತ. ಆ ಮೌನ ಗೋಣಿ ಮಾವನಿಗೆ ಅನುಕೂಲವಾಗಿ ಕಂಡಿತು.

"ಸುಮ್ಮನೆ ಯಾಕೆ ವಾದ? ಜನಾನೇ ಹೇಳಲಿ. ಪಶ್ಚಿಮ ಅನ್ನೋರು ಕೈ ಎತ್ತಿ."

ಕೈಗಳು ಎದ್ದವು. ಕೂಗಿ ಕೂಗಿ ಪಳಗಿದ ಅವನ ಬಾಯಿಗೆ ಕೈ ಕಂಡರೆ ಸಾಕು, ಮನಸ್ಸನ್ನು ಕೇಳುವ ರೂಢಿಯಿಲ್ಲ. ಬೆಲೆ ತಾನಾಗಿ ಏರತೊಡಗಿತು.

"ಪೂರ್ವದವರು?" ಎಂದರು ಮೇಷ್ಟ್ರು. ಇನ್ನಷ್ಟು ಕೈಗಳು ಎದ್ದವು. ಮೊಳಕೆಯೊಡೆದ ಆಲೂಗಡ್ಡೆ ಒಳ್ಳೆಯ ಆಲೂಗಡ್ಡೆಯನ್ನು ದಾಟಿತು, ಈರುಳ್ಳಿಯನ್ನು ದಾಟಿತು, ಸೇಬಿನ ಮಟ್ಟಕ್ಕೆ ಬಂತು. ರಾಶಿಯ ಒಡೆಯನಾದ ರೈತ ತನ್ನ ಮಾಲನ್ನು ತಾನೇ ಮೊದಲ ಸಲ ನೋಡುವವನಂತೆ ನೋಡುತ್ತಾ ನಿಂತ.

ಏನಾಗುತ್ತಿದೆ ಎಂದು ಕಟ್ಟೆಯ ಮೇಲೆ ಕೂಗುತ್ತಿದ್ದ ಅವನಿಗೆ ತಟ್ಟನೆ ಹೊಳೆಯಿತು. "ನಿಲ್ಲಿಸ್ರಪ್ಪ, ಸಾಕು ನಿಲ್ಲಿಸಿ," ಎಂದು ಕೈ ಎತ್ತಿದ.

ಎಲ್ಲರ ಕೈಗಳೂ ಇಳಿದವು. ಅವನದೊಂದೇ ಮೇಲಿತ್ತು.

ತೂಕದವನು ಗಂಟಲು ಸರಿಮಾಡಿಕೊಂಡ. "ಕೊನೇ ಕೈ ನಿಮ್ಮದೇ ಸ್ವಾಮಿ. ಚೀಲಗಳನ್ನ ಮನೆಗೇ ಕಳಿಸಲಾ?"

ಮಧ್ಯಾಹ್ನ ಊಟಕ್ಕೆ ಹೋದಾಗ ಚೀಲಗಳು ಅವನಿಗಿಂತ ಮೊದಲೇ ಮನೆ ಸೇರಿದ್ದವು. ಅಂಗಳದಲ್ಲಿ ಅರ್ಧ, ನಡುಮನೆಯಲ್ಲಿ ಅರ್ಧ. ಒಂದು ಚೀಲದ ಮೇಲೆ ಮೇಷ್ಟ್ರು ಶಾಲೆಯ ದೊಡ್ಡ ಭೂಪಟ ಹರಡಿಕೊಂಡು ಕುಳಿತಿದ್ದರು. ಇನ್ನೊಂದರ ಮೇಲೆ ಗೋಣಿ ಮಾವ. ಅವರಿಬ್ಬರ ನಡುವೆ ಸೊಂಟದ ಮೇಲೆ ಕೈಯಿಟ್ಟು ಅಮ್ಮ.

"ನೀವು ನಮ್ಮ ಮನೆಯೊಳಗೆ ಕಾಲಿಟ್ಟಿದ್ದು ಹನ್ನೆರಡು ವರ್ಷದ ಮೇಲೆ," ಎನ್ನುತ್ತಿದ್ದಳು ಅಮ್ಮ. "ಅದೂ ಜಗಳಕ್ಕೆ."

"ಭೂಗೋಳಕ್ಕೆ ಬಂದೆ ತಾಯಿ, ಜಗಳಕ್ಕಲ್ಲ. ಇಲ್ಲಿ ನೋಡಿ, ಈ ದ್ವೀಪ."

"ಎಲ್ಲಿ? ಆ ಚುಕ್ಕೀನಾ? ಅದು ನೊಣ ಕೂತಿದ್ದ ಕಲೆ."

ಅಮ್ಮ ಮಗನ ಕಡೆ ತಿರುಗಿದಳು. ಈ ಮೊಳಕೆಯ ರಾಶಿಯನ್ನು ತಾನು ಏನು ಮಾಡಬೇಕು ಎಂದು ಕೇಳಿದಳು. ಉತ್ತರಕ್ಕೆ ಕಾಯದೆ, ನಿನ್ನ ಅಪ್ಪನೂ ಹೀಗೆಯೇ ಎಲ್ಲೆಂದರಲ್ಲಿ ಕೈ ಎತ್ತುತ್ತಿದ್ದರು ಎಂದಳು. ತಟ್ಟೆಯ ಮುಂದೆ ಕುಳಿತರೆ ಎಡಕ್ಕೆ ಪೂರ್ವ, ಬಲಕ್ಕೆ ಪಶ್ಚಿಮ. ಎರಡು ತುತ್ತು ನುಂಗಿ ಅವನು ಎದ್ದುಬಿಟ್ಟ. ಅವನಿಗೆ ಬೇಕಾದದ್ದು ಒಂದೇ ಒಂದು ಮಾತು, ಅದೂ ಒಬ್ಬಳ ಬಾಯಿಂದ.

ಹೆಂಡತಿ ಕಣ್ಣಿನ ಆಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುತ್ತಿದ್ದಳು. ಇವನು ಹೋದಾಗ ಮುದುಕರೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ದಪ್ಪ ಚೌಕಟ್ಟು ಇಟ್ಟು, ಒಂದೊಂದೇ ಗಾಜು ಬದಲಿಸುತ್ತಿದ್ದಳು. "ಇದು ಚೆನ್ನಾಗಿ ಕಾಣುತ್ತಾ ಅಜ್ಜ, ಇದಾ?"

"ಎರಡೂ ಒಂದೇ ಥರ ಕಾಣುತ್ತಮ್ಮ."

"ನನಗೂ ಅದೇ ಕಷ್ಟ," ಎಂದ ಇವನು ಬಾಗಿಲಲ್ಲಿ ನಿಂತು. "ಇವತ್ತು ಸಂಜೆಯೊಳಗೆ ಹೇಳಬೇಕು ಕಣೇ. ಪೂರ್ವಾನಾ, ಪಶ್ಚಿಮಾನಾ?"

"ಯಾವುದಾದ್ರೂ ಸರಿ ಅಂದೆನಲ್ಲ."

"ಹಾಗನ್ನಬೇಡ. ಆ ಮಾತಿಂದ ಮನೆ ತುಂಬ ಆಲೂಗಡ್ಡೆ ಬಿದ್ದಿದೆ."

ನಡೆದದ್ದನ್ನೆಲ್ಲ ಅವನು ಹೇಳಿದ. ಅವಳು ಕೈಯಲ್ಲಿದ್ದ ಗಾಜನ್ನು ಒರೆಸುತ್ತಲೇ ಕೇಳಿದಳು. ಅವಳ ತುಟಿಯ ಮೂಲೆ ಅಲುಗಿತು. ನಗು ಗಂಟಲಿನವರೆಗೆ ಬಂತು. ಅಲ್ಲಿಂದ ಮೇಲೆ ಬಿಡದೆ, ರೂಢಿಯಂತೆ, ನುಂಗಿಕೊಂಡಳು.

"ರೀ, ನಿಜ ಹೇಳ್ತೀನಿ. ನನಗೆ ಮರಳೂ ಬೇಕಾಗಿಲ್ಲ, ಗುಹೇನೂ ಬೇಕಾಗಿಲ್ಲ," ಎಂದಳು. "ಮದುವೆಯಾದ ಮೇಲೆ ನಾನು ಒಂದು ಸಲಾನೂ ಬಾಯಿ ತುಂಬ ನಕ್ಕಿಲ್ಲ, ಗೊತ್ತಾ ನಿಮಗೆ? ನಕ್ಕರೆ ಆ ಕಡೆಯಿಂದ ಮೇಷ್ಟ್ರು ಏನಾಯ್ತಮ್ಮ ಅಂತಾರೆ, ಕೆಳಗಿಂದ ಅತ್ತೆ ಏನಂತೆ ಅಂತಾರೆ. ಯಾಕೆ ನಕ್ಕೆ ಅಂತ ಇಬ್ಬರಿಗೂ ಹೇಳಿ ಮುಗಿಸೋಷ್ಟರಲ್ಲಿ ಅಳು ಬರುತ್ತೆ. ಒಂದು ವಾರ ನಾವಿಬ್ಬರೇ ಇರಬೇಕು. ದಿಕ್ಕು ಯಾವುದಾದ್ರೂ ಸರಿ. ಅಷ್ಟೇ ನಾನು ಹೇಳಿದ್ದು."

ಈ ಸಲ ಆ ಮಾತಿಗೆ ಒಳಗೊಂದು ಹೊರಗೊಂದು ಇರಲಿಲ್ಲ.

"ಪಶ್ಚಿಮಕ್ಕೆ ಹೋಗಪ್ಪ," ಎಂದರು ಮುದುಕರು, ಚೌಕಟ್ಟಿನೊಳಗಿಂದಲೇ. "ನನ್ನ ಕೇಳಿದರೆ ಪಶ್ಚಿಮ."

ಟಿಕೆಟ್ಟಿನ ಅಂಗಡಿಗೆ ನಡೆಯುವಾಗ ಅವನ ತಲೆ ಎಂದೂ ಇಲ್ಲದಷ್ಟು ತಿಳಿಯಾಗಿತ್ತು. ಪೂರ್ವವೆಂದರೆ ಮೇಷ್ಟ್ರು ಗೆದ್ದಂತೆ, ಜೀವಮಾನವಿಡೀ ಗೋಡೆಯಾಚೆಯಿಂದ ಅದನ್ನೇ ಹೇಳುತ್ತಾರೆ. ಪಶ್ಚಿಮವೆಂದರೆ ಅಮ್ಮ ಗೆದ್ದಂತೆ. ನೋಡಿ ಬಂದ ಒಂದೊಂದು ಕಲ್ಲಿಗೂ ಗೋಣಿ ಮಾವನಿಗೆ ಲೆಕ್ಕ ಒಪ್ಪಿಸಬೇಕು. ಆ ಎರಡು ಹಾಳೆಗಳಲ್ಲಿ ಈಗ ಇಡೀ ಊರೇ ವಾಸವಾಗಿತ್ತು.

"ಮೂರನೇದು ಏನಾದ್ರೂ ಇದೆಯಾ?" ಎಂದು ಕೇಳಿದ.

ಅಂಗಡಿಯ ಹುಡುಗಿ ತಲೆಯೆತ್ತಿದಳು. ಆ ದಿನ ಅವಳ ಮುಖದಲ್ಲಿ ಕಳೆಯಿತ್ತು. "ದಕ್ಷಿಣ ಕೆರಿಬಿಯನ್ ಇದೆ ಸರ್. ಸಣ್ಣ ಸಣ್ಣ ದ್ವೀಪಗಳು. ಮೊದಲು ನಿಮಗೆ ತೋರಿಸಲಿಲ್ಲ, ಅದನ್ನ ಹೆಚ್ಚು ಜನ ಕೇಳಲ್ಲ."

ಜನ ಕೇಳುವುದಿಲ್ಲ ಎಂಬುದಕ್ಕಿಂತ ದೊಡ್ಡ ಹೊಗಳಿಕೆ ಅವನಿಗೆ ಬೇಕಿರಲಿಲ್ಲ. "ಅದನ್ನೇ ಮಾಡಿ. ಇಬ್ಬರಿಗೆ."

"ಮಾಡಿದ ಮೇಲೆ ದಾರಿ ಬದಲಾಯಿಸೋ ಹಾಗಿಲ್ಲ, ದುಡ್ಡೂ ವಾಪಸ್ ಬರಲ್ಲ. ಪರವಾಗಿಲ್ವಾ?"

"ಬದಲಾಯಿಸೋಕೆ ನಾನೇ ಬಂದರೂ ಒಪ್ಪಬೇಡಿ."

ಅವಳು ಕಂಪ್ಯೂಟರಿನಲ್ಲಿ ಹುಡುಕಿ, ನಡುಭಾಗದಲ್ಲಿ ಒಂದೇ ಒಂದು ಒಳ್ಳೆಯ ಕೋಣೆ ಉಳಿದಿದೆ ಎಂದಳು. ಅಲ್ಲಿ ಹಡಗು ಅಷ್ಟಾಗಿ ತೂಗುವುದಿಲ್ಲವಂತೆ. "ಅಕ್ಕಪಕ್ಕದಲ್ಲೂ ವಯಸ್ಸಾದವರೇ ಸರ್. ಕುಡಿದು ಕೂಗಾಡೋ ಹುಡುಗರ ಕಾಟ ಇರಲ್ಲ."

ಅವನು ಸಂತೋಷದಿಂದ ಸಹಿ ಹಾಕಿದ. ಆಸ್ಪತ್ರೆ ಮುಗಿಸಿ ಬಂದ ಹೆಂಡತಿಗೆ ರಸ್ತೆಯಲ್ಲೇ ವಿಷಯ ಹೇಳಿದ. ಅವಳು ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅವನ ತೋಳು ಹಿಡಿದುಕೊಂಡಳು. ಮನೆಯ ತಿರುವು ಬರುವವರೆಗೂ ಬಿಡಲಿಲ್ಲ.

ಮನೆ ಹತ್ತಿರವಾದಂತೆ ಅವನಿಗೆ ಅನುಮಾನ ಶುರುವಾಯಿತು. ಒಳಗೆ ಜಗಳದ ಸದ್ದಿರಲಿಲ್ಲ. ಇಣುಕಿದರೆ ಅಮ್ಮ, ಮೇಷ್ಟ್ರು, ಗೋಣಿ ಮಾವ ಮೂವರೂ ಚೀಲಗಳ ಮೇಲೆ ವೃತ್ತವಾಗಿ ಕುಳಿತು ಚಹಾ ಕುಡಿಯುತ್ತಿದ್ದರು. ಮೇಷ್ಟ್ರ ಕೈಯಲ್ಲಿದ್ದುದು ನೆಂಟರಿಗೆಂದು ಎತ್ತಿಟ್ಟಿದ್ದ ಹೂವಿನ ಚಿತ್ರದ ಕಪ್ಪು.

"ಬನ್ನಿ ಬನ್ನಿ," ಎಂದಳು ಅಮ್ಮ. "ಬೆಳಗಿಂದ ನಿಮ್ಮ ತಲೆ ತಿಂದುಬಿಟ್ವಿ. ನನಗೇ ನಾಚಿಕೆ ಆಯ್ತು."

"ತಪ್ಪು ನಮ್ಮದೇ," ಎಂದರು ಮೇಷ್ಟ್ರು. "ಚಿಕ್ಕ ವಯಸ್ಸಿನವರು, ಎಲ್ಲಿಗಾದರೂ ಹೋಗಿಕೊಳ್ಳಲಿ. ನಡುವೆ ನಾವ್ಯಾಕೆ?"

ಅವನಿಗೆ ಇಷ್ಟು ವರ್ಷ ಇವರನ್ನು ತಪ್ಪು ತಿಳಿದುಕೊಂಡೆನೇ ಎನಿಸಿತು.

"ನಿಜ ಹೇಳಬೇಕು ಅಂದ್ರೆ ಅಳಿಯ," ಎಂದ ಗೋಣಿ ಮಾವ, "ಬೆಳಗಿಂದ ಆ ನೀಲಿ ನೀರಿನ ಮಾತು ಆಡಿ ಆಡಿ ನಮಗೂ ಆಸೆ ಹುಟ್ಟಿತು. ನಿಮ್ಮಪ್ಪ ಬಿಟ್ಟುಹೋದ ದುಡ್ಡು ಬ್ಯಾಂಕಲ್ಲಿ ಸುಮ್ಮನೆ ಕೊಳೀತಾ ಇದೆ. ನನಗೂ ಮೇಷ್ಟ್ರಿಗೂ ಮನೇಲಿ ಕೇಳೋರಿಲ್ಲ. ಅದಕ್ಕೇ ಮಧ್ಯಾಹ್ನವೇ ಫೋನಲ್ಲಿ ಮಾತಾಡಿ ಮುಗಿಸಿಬಿಟ್ವಿ."

"ಏನು ಮುಗಿಸಿದ್ರಿ?" ಎಂದ ಅವನು.

"ನಮ್ಮ ಟಿಕೆಟ್ಟು. ಗಾಬರಿ ಬೀಳಬೇಡ," ಎಂದಳು ಅಮ್ಮ. "ಪೂರ್ವಕ್ಕೆ ಹೋದರೂ ನೀವಿರಬಹುದು, ಪಶ್ಚಿಮಕ್ಕೆ ಹೋದರೂ ನೀವಿರಬಹುದು. ಮಕ್ಕಳು ಒಂದು ವಾರ ತಮ್ಮ ಪಾಡಿಗೆ ತಾವು ಇರಲಿ ಅಂತ ಯೋಚನೆ ಮಾಡಿ ನಾವು ದಕ್ಷಿಣ ತಗೊಂಡ್ವಿ. ನನಗೊಂದು ಕೋಣೆ, ಇವರಿಬ್ಬರಿಗೆ ಒಂದು. ಮಧ್ಯದಲ್ಲಿ ಒಂದು ಖಾಲಿ ಇದೆ ಅಂದಳು ಆ ಟಿಕೆಟ್ಟಿನ ಅಂಗಡಿ ಹುಡುಗಿ. ಅಲ್ಲಿಗೆ ಯಾರಾದರೂ ಒಳ್ಳೆಯ ಜನ ಬಂದರೆ ಸಾಕು."

"ಬಂದವರನ್ನ ಮಾತಾಡಿಸಿ ನಮ್ಮವರಾಗಿ ಮಾಡಿಕೊಂಡರಾಯಿತು," ಎಂದರು ಮೇಷ್ಟ್ರು.

ಹೆಂಡತಿಯ ಬೆರಳುಗಳು ಅವನ ತೋಳಿಗೆ ನಾಟಿದವು. ಸಹಿ ಹಾಕಿದ ಕೈಯನ್ನು ಅವನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡ.

"ಈಗಲಾದ್ರೂ ಹೇಳೋ, ಕೊನೆಗೆ ಯಾವುದು ಮಾಡಿದೆ?" ಎಂದಳು ಅಮ್ಮ, ಚಹಾ ಬಗ್ಗಿಸುತ್ತಾ. "ಪೂರ್ವಾನೋ, ಪಶ್ಚಿಮಾನೋ? ಹೆದರ್ಕೋಬೇಡ, ನಾವು ಯಾರೂ ಹಿಂದೆ ಬರಲ್ಲ."