ಬಾಡಿಗೆಗೆ ಸಂಭಾವಿತರು ಬೇಕಾಗಿದ್ದಾರೆ

ಬಾಡಿಗೆಗೆ ಬರುವವರನ್ನು ಮುಖ ನೋಡಿಯೇ ಅಳೆಯುವ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದದ್ದು. ಅಥಣಿಯ ನಮ್ಮ ಮನೆಯ ಮುಂದಿನ ಕೋಣೆ ಖಾಲಿಯಾದಾಗ ಅದನ್ನು ಧಾರಾಳವಾಗಿ ಪ್ರಯೋಗಿಸಿದೆ. ಒಬ್ಬ ಅಂಗಿಯ ಗುಂಡಿ ಹಾಕಿರಲಿಲ್ಲ. ನಾಲಾಯಕ್! ಇನ್ನೊಬ್ಬ ಬೈಕನ್ನು ಕಟ್ಟೆಯವರೆಗೆ ಏರಿಸಿದ. ಉಡಾಳ! ಮತ್ತೊಬ್ಬ ಕೈಮುಗಿದು ನಿಂತ. ಅತಿ ವಿನಯ, ಖಂಡಿತ ಕಳ್ಳ!

ಕೊನೆಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದ ರಾಯಬಾಗದ ಪ್ರಕಾಶ ಬಂದ. ಅವನೆದುರು ಶಾಸನ ಹೊರಡಿಸಿದೆ.

“ನೋಡಪಾ, ನಮ್ಮದು ಜೈನರ ಮನಿ. ಊಟಾ ನಮ್ಮಲ್ಲೇ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹೊಸ್ತಿಲಾ ದಾಟಂಗಿಲ್ಲ. ಹೊತ್ತು ಮುಳುಗೂದ್ರಾಗ ಊಟ ಮುಗೀಬೇಕು. ನಾ ಅಂತೂ ಈ ನೇಮಾ ಜಲ್ಮದಾಗ ಮುರದಾಂವ ಅಲ್ಲ!”

“ಆತ್ರೀ ಕಾಕಾ,” ಎಂದ.

ಒಳಗಿದ್ದ ನನ್ನ ಹೆಂಡತಿ ಸುಮತಿ ಹೆಮ್ಮೆಯಿಂದ ಚಹಾ ತಂದುಕೊಟ್ಟಳು. ತನ್ನ ಗಂಡನಂಥ ನೇಮಸ್ತ ಇಲ್ಲವೆಂದು ಓಣಿಗೆಲ್ಲ ಡಂಗುರ ಸಾರಿದವಳು ಅವಳೇ. ದಿನಾ ಸಂಜೆ ಬಟ್ಟೆ ಅಂಗಡಿ ಮುಚ್ಚಿ ಬರುವಾಗ ನಾನು ಬಸ್ ಸ್ಟ್ಯಾಂಡಿನ ಹತ್ತಿರ ಉಳ್ಳಾಗಡ್ಡಿ ಭಜಿ ಬಾರಿಸಿ, ಮೇಲೆ ಏಲಕ್ಕಿ ಜಗಿಯುವುದು ಅವಳಿಗೆ ಗೊತ್ತಾದರೆ ನನ್ನ ಮಾನ ಮೂರಾಬಟ್ಟೆ!

ಪ್ರಕಾಶನೆಂಬ ಮೂರ್ಖ ನನ್ನ ಮಾತನ್ನು ನಿಜವೆಂದೇ ನಂಬಿದ. ಸೂರ್ಯಾಸ್ತದ ಹೊತ್ತನ್ನು ಮೊಬೈಲಿನಲ್ಲಿ ನೋಡಿಕೊಂಡು, ಪಾಳಿ ಮುಗಿದೊಡನೆ ನನ್ನ ಅಂಗಡಿಗೇ ಬೈಕ್ ತರತೊಡಗಿದ.

“ಏಳ್ರಿ ಕಾಕಾ, ನಿಮ್ಮ ನೇಮಾ ತಪ್ಪಬಾರದು.”

ಬೈಕು ಭಜಿ ಗಾಡಿಯ ಮುಂದೆಯೇ ಹಾಯುತ್ತಿತ್ತು. ಗಾಡಿಯವನು ಭಜಿ ಕರಿಯುವ ಝಾರಿ ಎತ್ತಿ ಕರೆದರೆ ನಾನು ಅಪರಿಚಿತನಂತೆ ಆಕಾಶ ನೋಡುತ್ತಿದ್ದೆ. ಮನೆಯಲ್ಲಿ ಸುಮತಿ ಇಬ್ಬರಿಗೂ ಬಡಿಸುತ್ತಿದ್ದಳು. ತುಪ್ಪ ಮೊದಲು ಅವನಿಗೆ!

ವಾರ ಕಳೆಯುವುದರಲ್ಲಿ ನನ್ನ ಸಹನೆಯ ಕಟ್ಟೆ ಒಡೆಯಿತು. ಇವನನ್ನೂ ಕೆಡಿಸಿಬಿಟ್ಟರೆ ಪೀಡೆ ತೊಲಗುತ್ತದೆ ಎಂದು ನನ್ನ ಮಹಾಬುದ್ಧಿ ಹೇಳಿತು. ಅವನ ರಜೆಯ ದಿನ ಇಳಿಹೊತ್ತಿಗೆ ಭಜಿ ಪೊಟ್ಟಣವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಅವನ ಕೋಣೆಗೆ ನುಗ್ಗಿದೆ. ಹೊಟ್ಟೆಯ ಚರ್ಮ ಸುಟ್ಟಿತು. ಧರ್ಮಕ್ಕಾಗಿ ಇಷ್ಟು ಕಷ್ಟ ನಾನೆಂದೂ ಪಟ್ಟಿರಲಿಲ್ಲ!

“ತಿನ್ನಲೇ!” ಎಂದು ಒಂದನ್ನು ನಾನೇ ಬಾಯಿಗೆ ಹಾಕಿಕೊಂಡೆ.

“ಬ್ಯಾಡ್ರೀ ಕಾಕಾ. ನಿಮಗ ಮಾತು ಕೊಟ್ಟೀನಿ.”

“ನೇಮಾ ಮಾಡಿದಾಂವ ನಾನು. ನಾನೇ ತಿನ್ನಾಕತ್ತೀನಿ, ನಿಂದೇನಲೇ?”

ಒಳಬಾಗಿಲಲ್ಲಿ ಸುಮತಿ! ಕೈಯಲ್ಲಿ ಅವನಿಗೆಂದು ತಂದ ಮಜ್ಜಿಗೆ. ಪ್ರಕಾಶ ತಟ್ಟನೆ ಎದ್ದು ನಿಂತ.

“ಕಾಕೂ, ಭಜಿ ನಾ ತರಿಸೀನ್ರಿ. ತಪ್ಪಾತ್ರಿ.”

ನಾನೇನು ಮಾಡಿದೆ? ಬಾಯಲ್ಲಿ ಭಜಿ ಇಟ್ಟುಕೊಂಡೇ ಗಂಭೀರವಾಗಿ ತಲೆಯಾಡಿಸಿದೆ. ಈಗಿನ ಹುಡುಗರು ಕೆಟ್ಟುಹೋದರು ಎನ್ನುವಂತೆ ಹಣೆಯನ್ನೂ ಬಡಿದುಕೊಂಡೆ. ನಾಚಿಕೆಗೇಡಿ!

ಸುಮತಿ ನನ್ನ ಉಬ್ಬಿದ ಕೆನ್ನೆ ನೋಡಿದಳು. ಎಣ್ಣೆ ಹತ್ತಿದ ಅಂಗಿ ನೋಡಿದಳು. ಮಜ್ಜಿಗೆಯನ್ನು ಪ್ರಕಾಶನ ಕೈಗಿತ್ತಳು.

“ಪ್ರಕಾಶಾ, ಇನ್ನೂ ಹೊತ್ತೈತಿ, ಒಳಗ ಊಟಕ್ಕ ಬಾ. ನಿನ್ನ ಹಾಸಿಗೀನೂ ಒಳಗ ತಗೊಂಡ ಬಾ. ಈ ಖೋಲಿಗೆ ಬ್ಯಾರೆ ಬಾಡಿಗಿಯಾಂವ ಬಂದಾನ.”

ಇಬ್ಬರೂ ಒಳಗೆ ಹೋದರು. ಆ ಕಡೆಯಿಂದ ಚಿಲಕ ಬಿತ್ತು. ಆಗ ಭಜಿ ನುಂಗಿದೆ. ಅದೂ ತಣ್ಣಗಾಗಿತ್ತು!