ತೋಳ ಮಾದಣ್ಣನ ಅಕಾಲ ಮರಣ

ಕಥೆ ಪುಸ್ತಕ ಓದಿ ಹೇಳುವುದೂ ಒಂದು ಕೆಲಸವೇ? ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮಧ್ಯಾಹ್ನದ ಊಟವಾದ ಮೇಲಿನ ಪೀರಿಯಡ್ಡಿನಲ್ಲಿ, ಒಬ್ಬನೂ ತೂಕಡಿಸದ ಹಾಗೆ ತ್ರಿಕೋನಮಿತಿ ಪಾಠ ಮಾಡಿದವನು. ಅಂಥವನಿಗೆ ಒಂದು ಪ್ರೇಮಕಥೆ ಓದಿ ಹೇಳುವುದು ಯಾವ ಲೆಕ್ಕ ಎಂದು ಕಳೆದ ಬೇಸಿಗೆ ರಜೆಯಲ್ಲಿ ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಆಗ ನಮ್ಮ ಅತ್ತೆ ಚಿಕ್ಕತಾಯಮ್ಮನವರು ಇಲವಾಲದಿಂದ ಲಷ್ಕರ್ ಮೊಹಲ್ಲಾದ ನಮ್ಮ ಮನೆಗೆ ಬಂದಿದ್ದರು. ಬಲಗಣ್ಣಿಗೆ ಪೊರೆ ಆಪರೇಷನ್ ಆಗಿತ್ತು. ಡಾಕ್ಟರು ಕಪ್ಪು ಕನ್ನಡಕ ಕೊಟ್ಟು, ಬಗ್ಗಬಾರದು, ಕಣ್ಣು ಉಜ್ಜಬಾರದು, ತಲೆಗೆ ನೀರು ಹಾಕಿಕೊಳ್ಳಬಾರದು, ಸದ್ಯಕ್ಕೆ ಟಿವಿಯೂ ಬೇಡ ಎಂದು ಹೇಳಿ ಕಳಿಸಿದ್ದರು. ಮೊದಲ ಮೂರನ್ನೂ ಅತ್ತೆ ತಲೆಯಾಡಿಸಿ ಒಪ್ಪಿಕೊಂಡರು. ನಾಲ್ಕನೆಯದಕ್ಕೆ ಮಾತ್ರ, “ಆಪರೇಸನ್ ಮಾಡುಸ್ಕೊಳೋಕ್ ಮುಂಚೇನೇ ಹೇಳ್ಬಾರ್ದಿತ್ತಾ?” ಎಂದು ಡಾಕ್ಟರನ್ನೇ ತರಾಟೆಗೆ ತೆಗೆದುಕೊಂಡರು.

ನನ್ನ ಹೆಂಡತಿ ಶೋಭಾಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ. ನನಗೋ ಬೇಸಿಗೆ ರಜೆ. “ರೀ, ಹೊತ್ತೊತ್ತಿಗೆ ಕಣ್ಣಿಗೆ ಡ್ರಾಪ್ಸ್ ಹಾಕಿ. ಅವ್ವಂಗೆ ಬೇಜಾರಾಗ್ದಂಗೆ ನೋಡ್ಕೊಳ್ಳಿ. ಇಷ್ಟೇ,” ಎಂದು ಅವಳು ಹೊರಟಳು. ಇಷ್ಟೇ!

ಡ್ರಾಪ್ಸ್ ಹಾಕಿದೆ. ಪೇಪರು ಓದಿ ಹೇಳಿದೆ. ಅತ್ತೆಗೆ ಅದು ಹಿಡಿಸಲಿಲ್ಲ.

“ಅಳಿಯಂದ್ರೇ, ನಮ್ಮ ಅನು ಊಟಾನೂ ಬುಟ್ಟು ಅದೇನೋ ದಪ್ಪ ದಪ್ಪ ಪುಸ್ತಕ ಓದ್ತಾಳಲ್ಲ, ಅದ್ರಲ್ಲಿ ಏನೈತೆ?” ಎಂದು ಕೇಳಿದರು.

ಅನು ನಮ್ಮ ಮಗಳು. ಮಂಗಳೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಡಿಗ್ರಿ ಓದುತ್ತಾಳೆ. ಅವಳ ಕಪಾಟಿನಲ್ಲಿ ಕಪ್ಪು ರಟ್ಟಿನ ಇಂಗ್ಲಿಷ್ ಕಾದಂಬರಿಗಳ ಒಂದು ದೊಡ್ಡ ಸಾಲೇ ಇದೆ. ಎಲ್ಲವೂ ಒಂದೇ ಕಥೆಯ ಮುಂದುವರಿದ ಭಾಗಗಳು. ಪ್ರತಿ ರಟ್ಟಿನ ಮೇಲೂ ಅಂಗಿಯ ಗುಂಡಿ ಹಾಕಿಕೊಳ್ಳಲು ಮರೆತ ಒಬ್ಬ ಯುವಕ, ಹಿಂದೆ ಒಂದು ಚಂದ್ರ. ನಾನು ಮೊದಲ ಭಾಗ ತೆಗೆದುಕೊಂಡು ಬಂದು ಅತ್ತೆಯ ಮಂಚದ ಪಕ್ಕದಲ್ಲಿ ಕುಳಿತೆ. ಇಂಗ್ಲಿಷಿನಲ್ಲಿ ಕಣ್ಣಾಡಿಸುತ್ತಾ ಕನ್ನಡದಲ್ಲಿ ಹೇಳುತ್ತಾ ಹೋದೆ.

ಕಥೆ ಸರಳವಾಗಿತ್ತು. ಲೀನಾ ಎಂಬ ಹುಡುಗಿ ಒಂದು ದೊಡ್ಡ ಪಟ್ಟಣದ ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ರಕ್ತದ ಚೀಲಗಳು ಕಾಣೆಯಾಗುತ್ತವೆ. ಕದಿಯುತ್ತಿರುವವನು ಕ್ಯಾರಿಕ್ ಎಂಬ ಚೆಲುವ. ಮನುಷ್ಯನಂತೆ ಕಂಡರೂ ರಕ್ತ ಕುಡಿದು ಬದುಕುವವನು, ಸಾವಿಲ್ಲದವನು, ಬಿಸಿಲಿಗೆ ಬಂದರೆ ಸುಟ್ಟುಹೋಗುವವನು. ಅದೇ ಊರಿನ ಗರಾಜಿನಲ್ಲಿ ಮೇಸನ್ ಎಂಬ ಮೆಕ್ಯಾನಿಕ್ಕು ಬೇರೆ ಇದ್ದಾನೆ. ಹುಣ್ಣಿಮೆ ಬಂದರೆ ಅವನು ತೋಳವಾಗುತ್ತಾನೆ.

ಅತ್ತೆಗೆ ಹೆಸರುಗಳು ನಾಲಿಗೆಗೆ ಒಗ್ಗಲಿಲ್ಲ. ಅರ್ಧ ಗಂಟೆಯೊಳಗೆ ಲೀನಾ ಲೀನಮ್ಮನಾದಳು. ಹಾಲಿನಂತೆ ಬೆಳ್ಳಗಿದ್ದ ಕ್ಯಾರಿಕ್ ಕರಿಯಣ್ಣನಾದ. ಮೇಸನ್ ಮಾದಣ್ಣನಾದ.

ಮೂರನೆಯ ಅಧ್ಯಾಯದವರೆಗೆ ಎಲ್ಲ ಸುಸೂತ್ರವಾಗಿ ನಡೆಯಿತು. ಅಲ್ಲಿ ಕರಿಯಣ್ಣ ಲೀನಮ್ಮನನ್ನು ಗೋಡೆಗೆ ಒರಗಿಸಿ ಮುತ್ತಿಟ್ಟ. ಒಂದಲ್ಲ, ಅರ್ಧ ಪುಟ!

ನಾನು ನಿಲ್ಲಿಸಿದೆ. ಎದುರಿಗೆ ಕುಳಿತಿದ್ದವರು ಹೆಣ್ಣು ಕೊಟ್ಟ ಅತ್ತೆ.

“ಯಾಕ್ ನಿಲ್ಸ್‌ಬುಟ್ರಿ? ಕರಿಯಣ್ಣ ಬಂದ. ಬಂದು ಏನ್ಮಾಡ್ದ?”

“ಬಂದು... ಲೀನಮ್ಮನ ಯೋಗಕ್ಷೇಮ ವಿಚಾರಿಸಿದನು,” ಎಂದೆ.

“ಒಳ್ಳೇವ್ನು. ಮುಂದಕ್ಕೋದಿ.”

ಬಾಯಿಗೆ ಸಿಕ್ಕ ಆ ಮಾತು ನನಗೆ ದೇವರು ಕೊಟ್ಟ ಸೂತ್ರದಂತೆ ಕಂಡಿತು. ಅಲ್ಲಿಂದ ಮುಂದೆ ಮುತ್ತು ಬಂದಲ್ಲೆಲ್ಲ ಯೋಗಕ್ಷೇಮ ಬಂತು. ಕಾರಿನಲ್ಲಿ ಯೋಗಕ್ಷೇಮ, ಲಿಫ್ಟಿನಲ್ಲಿ ಯೋಗಕ್ಷೇಮ, ಸ್ಮಶಾನದ ಕಾಂಪೌಂಡಿನ ಮೇಲೆ ಕುಳಿತು ಒಂದೂವರೆ ಪುಟದ ಯೋಗಕ್ಷೇಮ! “ಎಷ್ಟ್ ಸತಿ ವಿಚಾರುಸ್ತಾನಪ್ಪ ಆ ಮಗ! ನಮ್ಮೋರು ಜ್ವರ ಬಂದು ಮಲ್ಗಿದ್ರೂ ಒಂದ್ ಮಾತು ಕೇಳ್ತಿರ್ಲಿಲ್ಲ,” ಎಂದು ಅತ್ತೆ ತೀರಿಕೊಂಡ ಮಾವನವರನ್ನು ನೆನೆದು ನಿಟ್ಟುಸಿರು ಬಿಟ್ಟರು.

ಮಾರನೆಯ ದಿನ ಪಕ್ಕದ ಮನೆಯ ಪದ್ಮಕ್ಕ ಅತ್ತೆಯ ಕಣ್ಣು ವಿಚಾರಿಸಿಕೊಂಡು ಹೋಗಲು ಬಂದವರು ಕಥೆಯ ವಾಸನೆ ಹಿಡಿದು ಕುಳಿತೇಬಿಟ್ಟರು. ಆಮೇಲೆ ದಿನವೂ ಹುರುಳಿಕಾಯಿಯ ಪಾತ್ರೆ ಹಿಡಿದು ಬರತೊಡಗಿದರು. ಕೈ ನಾರು ಬಿಡಿಸುತ್ತಿತ್ತು, ಕಿವಿ ನನ್ನ ಕಡೆಗಿತ್ತು. ರಕ್ತ ಕುಡಿಯುವವರಿಗೆ ಬೆಳ್ಳುಳ್ಳಿ ಕಂಡರಾಗದು ಎಂದು ನಾನು ಓದಿದ ದಿನ, ಅತ್ತೆ ಕಪ್ಪು ಕನ್ನಡಕವನ್ನು ಸ್ವಲ್ಪ ಕೆಳಗಿಳಿಸಿ ಪದ್ಮಕ್ಕನನ್ನೇ ನೋಡಿದರು.

“ನಮ್ಮನೇಲಿ ತಲತಲಾಂತರದಿಂದ ಬೆಳ್ಳುಳ್ಳಿ ತಿನ್ನಲ್ಲ ಕಣ್ರೀ! ಅದು ಆಚಾರ!” ಎಂದು ಪದ್ಮಕ್ಕ ಗಾಬರಿಯಿಂದ ಹೇಳಿದರು.

“ನಾನೇನಾರ ಅಂದ್ನಾ?” ಎಂದರು ಅತ್ತೆ. ಆದರೂ ಅವತ್ತು ಅವರು ತಮ್ಮ ಕುರ್ಚಿಯನ್ನು ಕೊಂಚ ಈಚೆಗೆ ಎಳೆದುಕೊಂಡಿದ್ದನ್ನು ನಾನು ಗಮನಿಸಿದೆ.

ಮೊದಲ ಭಾಗದ ಕೊನೆಯಲ್ಲಿ ಇನ್ನೊಂದು ಸಂಕಟ ಬಂತು. ಲೀನಮ್ಮ ತನ್ನ ಗಂಟುಮೂಟೆ ಕಟ್ಟಿಕೊಂಡು ಕರಿಯಣ್ಣನ ಬಂಗಲೆಗೆ ವಾಸಕ್ಕೆ ಹೋಗಿಬಿಟ್ಟಳು. ಮದುವೆಯ ಮಾತೇ ಇಲ್ಲ! ಇಬ್ಬರು ಹಿರಿಯ ಹೆಂಗಸರ ಮುಂದೆ ಇದನ್ನು ಹೇಗೆ ಹೇಳುವುದು? ನನ್ನ ಮಗಳು ಇಂಥದ್ದನ್ನು ಓದುತ್ತಾಳೆ ಎಂದು ಗೊತ್ತಾದರೆ ಅವರು ಏನೆಂದುಕೊಂಡಾರು? ಹಿಂದೆಮುಂದೆ ನೋಡದೆ ನಾನೇ ನಿಂತು ಮದುವೆ ಮಾಡಿಸಿಬಿಟ್ಟೆ. ವಾಲಗ, ಧಾರೆ, ಅರಿಶಿನದ ಕೊಂಬು, ಯಾವುದಕ್ಕೂ ಕಡಿಮೆ ಮಾಡಲಿಲ್ಲ.

“ಬಿಸ್ಲಿಗ್ ಬಂದ್ರೆ ಸುಟ್ಟೋಯ್ತಾನೆ ಅಂದ್ರಿ. ಮುಹೂರ್ತ ಎಷ್ಟೊತ್ತಿಗೆ?” ಅತ್ತೆ ಕೇಳಿದರು.

“ಗೋಧೂಳಿ ಲಗ್ನ,” ಎಂದೆ.

“ಊಟಕ್ಕೇನ್ ಮಾಡ್ಸಿದ್ರು?” ಪದ್ಮಕ್ಕ ಕೇಳಿದರು.

“ಹೋಳಿಗೆ. ಗಂಡಿನ ಕಡೆಯವರಿಗೆ ಬೇರೆ ವ್ಯವಸ್ಥೆ ಇತ್ತು.”

ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಅಲ್ಲೇ ಕೆಟ್ಟಿತು.

ಎರಡನೆಯ ಭಾಗ ತೆರೆದರೆ ಲೀನಮ್ಮ ಮಾದಣ್ಣನ ಬೈಕಿನ ಹಿಂದೆ ಕುಳಿತು ಊರು ಸುತ್ತುತ್ತಿದ್ದಾಳೆ! ಅತ್ತೆಗೆ ಮಾದಣ್ಣ ಬಹಳ ಹಿಡಿಸಿದ್ದ. ಕೈತುಂಬ ಗ್ರೀಸು, ಬಾಯಲ್ಲಿ ಕಡಿಮೆ ಮಾತು, ಕರೆದಲ್ಲಿಗೆ ಓಡಿ ಬರುವವನು. “ತೋಳ ಆದ್ರೇನು, ನಿಯತ್ತಿನ್ ಹುಡ್ಗ,” ಎನ್ನುತ್ತಿದ್ದರು. ಅಂಥ ನಿಯತ್ತಿನ ಹುಡುಗ ಒಂದು ಮಧ್ಯಾಹ್ನ ಗರಾಜಿನ ಹಿಂದೆ ಲೀನಮ್ಮನ ಯೋಗಕ್ಷೇಮ ವಿಚಾರಿಸಲು ಶುರು ಮಾಡಿದ. ನಾನು ಪುಟ ಮಗುಚಿದೆ, ಇನ್ನೂ ವಿಚಾರಿಸುತ್ತಿದ್ದ. ಮತ್ತೊಂದು ಮಗುಚಿದೆ, ಈಗ ಅವಳೂ ಅವನದನ್ನು ವಿಚಾರಿಸುತ್ತಿದ್ದಳು!

ಪುಸ್ತಕದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಆದರೆ ನನ್ನ ಲೆಕ್ಕದಲ್ಲಿ ಅವಳು ಮುತ್ತೈದೆ. ಹೋಳಿಗೆ ಊಟ ಹಾಕಿಸಿ ಧಾರೆ ಎರೆಸಿದವನು ನಾನು! ಕಣ್ಣೆದುರು ಒಂದು ತ್ರಿಕೋನ ಎದ್ದು ನಿಂತಿತು. ಒಂದು ಶೃಂಗವನ್ನು ಅಳಿಸಿಬಿಟ್ಟರೆ ತ್ರಿಕೋನದಲ್ಲಿ ಉಳಿಯುವುದು ನೆಟ್ಟಗಿನ ಒಂದು ಗೆರೆ. ಗಣಿತದವನು ನಾನು. ಅಳಿಸಿದೆ.

“ಮಾದಣ್ಣ ಬೈಕಿನಲ್ಲಿ ಹೋಗುತ್ತಿರುವಾಗ ಎದುರಿನಿಂದ ಬಂದ ಲಾರಿಯೊಂದು ಅವನಿಗೆ ಡಿಕ್ಕಿ ಹೊಡೆಯಿತು. ಅವನು ಸ್ಥಳದಲ್ಲೇ ಅಸುನೀಗಿದನು. ಊರಿನವರೆಲ್ಲ ಸೇರಿ ಮಣ್ಣು ಮಾಡಿದರು.”

ಪದ್ಮಕ್ಕನ ಕೈಯಲ್ಲಿದ್ದ ಹುರುಳಿಕಾಯಿ ಅಲ್ಲೇ ನಿಂತಿತು. ಅತ್ತೆ, “ಆ ಊರಲ್ಲೂ ನಮ್ಮ ಹುಣಸೂರ್ ರೋಡಿನ್ ತರಾನೇ ಓಡುಸ್ತಾರಾ?” ಎಂದವರೇ ಗೊಳೋ ಎಂದು ಅಳತೊಡಗಿದರು. ಕಪ್ಪು ಕನ್ನಡಕ ತೆಗೆದು, ಸೆರಗಿನಿಂದ ಕಣ್ಣನ್ನು ಚೆನ್ನಾಗಿ ಉಜ್ಜಿಕೊಂಡರು. “ಅತ್ತೆ, ಉಜ್ಜಬೇಡಿ! ಇದು ಕಥೆ ಅಷ್ಟೇ!” ಎಂದು ಬೇಡಿಕೊಂಡೆ.

“ಕತೆ ಆದ್ರೇನು? ದಿನಾ ಮನೇಗ್ ಬರ್ತಿದ್ನಲ್ಲ!”

ನಾನು ಅವರಿಗೆ ನೀರು ತರಲು ಅಡಿಗೆಮನೆಗೆ ಹೋಗಿ, ಅಲ್ಲೇ ಸ್ವಲ್ಪ ಅಡಗಿಕೊಂಡು, ವಾಪಸು ಬರುವಷ್ಟರಲ್ಲಿ ಅತ್ತೆ ಬಚ್ಚಲಿನಲ್ಲಿದ್ದರು. ಬಾಗಿಲು ತಟ್ಟುವುದರೊಳಗೆ ತಲೆಯ ಮೇಲೆ ನೀರು ಸುರಿದ ಶಬ್ದ ಕೇಳಿತು.

“ಸಾವಿನ್ ಸುದ್ದಿ ಕೇಳ್ಬುಟ್ಟು ತಲೇಗ್ ನೀರ್ ಹಾಕ್ಕೊಳ್ದೆ ಎಂಗೆ ಊಟ ಮಾಡೋದು?” ಎಂದು ಒಳಗಿಂದಲೇ ಕೇಳಿದರು.

ಸಂಜೆಗೆ ಕಣ್ಣು ಕೆಂಡದ ಹಾಗಾಗಿತ್ತು. ಆಫೀಸಿನಿಂದ ಬಂದ ಶೋಭಾ ತಾಯಿಯ ಕಣ್ಣು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಪಕ್ಕಕ್ಕೆ ಕರೆದು ನಡೆದದ್ದನ್ನೆಲ್ಲ ಬಾಯಿ ಬಿಡಿಸಿದಳು. “ಅವ್ವನ್ನ ನೋಡ್ಕೊಳ್ಳಿ ಅಂದಿದ್ದೆ. ತೋಳನ ಸಾಯ್ಸಿ ಅಂತ ಯಾರ್ರೀ ಹೇಳಿದ್ರು?” ಎಂದಷ್ಟೇ ಹೇಳಿ ಆಟೋ ಕರೆದಳು. ದಾರಿಯುದ್ದಕ್ಕೂ ಅವಳು ತಾಯಿಯ ಕೈ ಕಣ್ಣಿಗೆ ಹೋಗದಂತೆ ಹಿಡಿದುಕೊಂಡಿದ್ದಳು. ನನಗೂ ನಗು ಬರುವ ಸ್ಥಿತಿ ಇರಲಿಲ್ಲ. ಹೊಲಿಗೆ ಹಾಕದ ಗಾಯ ಅದು. ಒಳಗೆ ಸೋಂಕಾದರೆ ದೃಷ್ಟಿಗೇ ತೊಂದರೆ ಎಂದು ಆಪರೇಷನ್ ದಿನವೇ ಎಚ್ಚರಿಸಿದ್ದರು. ಒಂದು ಸುಳ್ಳು ಲಾರಿ ಅತ್ತೆಯ ನಿಜವಾದ ಕಣ್ಣಿಗೆ ಗುದ್ದಿಬಿಟ್ಟಿತೇ?

ಡಾಕ್ಟರು ಪರೀಕ್ಷಿಸಿ, “ತಲೆಗೆ ಸ್ನಾನ ಮಾಡಿದ್ರಾ ಅಮ್ಮ?” ಎಂದರು.

“ಸಾವಾಗಿತ್ತು ಸಾರ್.”

“ಅಯ್ಯೋ. ಯಾರು?”

“ಮಾದಣ್ಣ ಅಂತ. ಲಾರಿ ಹೊಡೀತು. ಪ್ರಾಯದ್ ಹುಡ್ಗ.”

ಡಾಕ್ಟರು ನಿಜಕ್ಕೂ ನೊಂದುಕೊಂಡರು. “ಹತ್ತಿರದ ಸಂಬಂಧಾನಾ?” ಎಂದು ಮೆಲ್ಲಗೆ ನನ್ನನ್ನು ಕೇಳಿದರು. ನಾನು ಗೋಡೆಯ ಮೇಲಿದ್ದ ಕಣ್ಣಿನ ಪಟ ನೋಡುತ್ತಾ ನಿಂತೆ. ಉತ್ತರವನ್ನು ಅತ್ತೆಯೇ ಕೊಟ್ಟರು.

“ಸಂಬಂದ ಏನಿಲ್ಲ ಸಾರ್. ಗರಾಜಲ್ಲಿ ಕೆಲ್ಸ ಮಾಡ್ತಿದ್ದ. ಹುಣ್ಣಿಮೆ ದಿನ ತೋಳ ಆಗ್ತಿದ್ದ. ನಮ್ಮ ಅಳಿಯಂದ್ರಿಗೆ ಎಲ್ಲಾ ಗೊತ್ತು, ಕೇಳಿ.”

ಡಾಕ್ಟರು ಅತ್ತೆಯ ಕಣ್ಣು ಬಿಟ್ಟು ನನ್ನ ಕಣ್ಣಿಗೆ ಟಾರ್ಚು ಹಿಡಿದರು.

ಪುಣ್ಯಕ್ಕೆ ಒಳಗೆ ಏನೂ ಆಗಿರಲಿಲ್ಲ. ಮೇಲಿನ ಕೆಂಪು ಅಷ್ಟೇ, ಬೇರೆ ಡ್ರಾಪ್ಸ್ ಹಾಕಿದರೆ ಇಳಿಯುತ್ತದೆ ಎಂದರು. ಶೋಭಾ ತಾಯಿಯನ್ನು ಹೊರಗೆ ಕೂರಿಸಿ ಬಂದು, ತಲೆ ತಗ್ಗಿಸಿಕೊಂಡು ಪುಸ್ತಕದ ವಿಷಯವನ್ನೆಲ್ಲ ವಿವರಿಸಿದಳು. ಡಾಕ್ಟರು ಬಹಳ ಗಂಭೀರವಾಗಿ ಕೇಳಿಸಿಕೊಂಡು, “ನೋಡಿ ಮೇಷ್ಟ್ರೇ, ಅವರು ಇನ್ನೊಂದು ಸಲ ಅಳಬಾರದು. ಆ ತೋಳಕ್ಕೆ ಏನಾದರೂ ವ್ಯವಸ್ಥೆ ಮಾಡಿ,” ಎಂದರು. ವೈದ್ಯಕೀಯ ಸಲಹೆ!

ಮಾರನೆಯ ದಿನ ನಾನು ಮಾದಣ್ಣನನ್ನು ಬದುಕಿಸಿದೆ. “ಆಸ್ಪತ್ರೆಯಲ್ಲಿ ಮಾದಣ್ಣ ಮೆಲ್ಲನೆ ಕಣ್ಣು ತೆರೆದನು.”

“ಮಣ್ ಮಾಡಿದ್ರಲ್ಲ?” ಎಂದರು ಅತ್ತೆ.

“ಅದು... ಅವನ ಅವಳಿ ತಮ್ಮ.”

“ಇಷ್ಟ್ ದಿನ ಎಲ್ಲಿದ್ದ ಆ ತಮ್ಮ?”

“ಬೇರೆ ಊರಲ್ಲಿ ಕೆಲಸದಲ್ಲಿದ್ದ.”

“ಒಡಹುಟ್ಟಿದೋನು ಸತ್ತವ್ನೆ, ಮಾದಣ್ಣ ಒಂದ್ ತೊಟ್ಟು ಕಣ್ಣೀರು ಹಾಕ್ಲಿಲ್ವಾ?”

“ಕಣ್ಣಿನ ಡಾಕ್ಟರು ಬೇಡ ಅಂದಿದ್ದರು,” ಎಂದುಬಿಟ್ಟೆ.

ಪದ್ಮಕ್ಕ ನನ್ನ ಮುಖವನ್ನೇ ದಿಟ್ಟಿಸಿದರು. ಅತ್ತೆ ದಿಂಬಿನ ಕೆಳಗಿನಿಂದ ಫೋನು ತೆಗೆದು, “ಪದ್ಮಮ್ಮ, ನಮ್ ಅನೂಗ್ ಹಚ್ಕೊಡಿ. ಎಲ್ರಿಗೂ ಕೇಳಂಗೆ ಇಡಿ,” ಎಂದರು.

“ಮಗಾ, ಮಾದಣ್ಣಂಗೆ ಅವಳಿ ತಮ್ಮ ಇದ್ನಾ?”

“ಯಾವ ಮಾದಣ್ಣ ಅಜ್ಜಿ?”

“ಅದೇ ಕಣಮ್ಮ, ಗರಾಜಿನ್ ತೋಳ. ಲಾರಿ ಹೊಡೀತಲ್ಲ.”

ಮಗಳ ದನಿ ಇಡೀ ಮನೆಗೆ ಕೇಳಿಸಿತು. “ಮೇಸನ್‌ಗಾ? ಲಾರಿನಾ? ಅಪ್ಪಾ! ಏನ್ ಮಾಡಿದ್ದೀಯ ನೀನು? ಅವನೇ ಹೀರೋ! ಕ್ಯಾರಿಕ್ ಮೋಸಗಾರ ಅಂತ ಮೂರನೇ ಪುಸ್ತಕದಲ್ಲಿ ಗೊತ್ತಾಗುತ್ತೆ. ಲೀನಾ ಮದುವೆ ಆಗೋದೇ ಮೇಸನ್‌ನ!”

“ಅದೆಂಗಾದಾತು? ಕರಿಯಣ್ಣನ್ ಜೊತೆ ಗೋಧೂಳಿ ಲಗ್ನದಲ್ಲಿ ಮದುವೆ ಆಗೋಗೈತಲ್ಲ,” ಎಂದರು ಅತ್ತೆ.

“ಹೋಳಿಗೆ ಊಟ ಬೇರೆ ಹಾಕಿದ್ರಲ್ಲಮ್ಮ!” ಎಂದು ಪದ್ಮಕ್ಕ ಸಾಕ್ಷಿ ನುಡಿದರು.

ಅಲ್ಲಿಂದ ಮುಂದೆ ನಡೆದದ್ದು ವಿಚಾರಣೆ. ಅನು ಒಂದೊಂದೇ ಪ್ರಶ್ನೆ ಕೇಳಿದಳು, ಆರೋಪಿ ಒಂದೊಂದಾಗಿ ಒಪ್ಪಿಕೊಂಡ. ಕೊನೆಗೆ ಯೋಗಕ್ಷೇಮದ ನಿಜವಾದ ಅರ್ಥ ಹೊರಬಿದ್ದಾಗ ಪದ್ಮಕ್ಕ ಹುರುಳಿಕಾಯಿಯ ಪಾತ್ರೆ ಎತ್ತಿಕೊಂಡು, “ಲಿಫ್ಟಲ್ಲಿ ಕೂಡಾನಾ?” ಎಂದು ಯಾರನ್ನೂ ಉದ್ದೇಶಿಸದೆ ಕೇಳಿದರು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನಾನು ಮೂರು ಮಕ್ಳನ್ನ ಹೆತ್ತೋಳು ಅಳಿಯಂದ್ರೇ. ಅವ್ರೇನು ಆಕಾಸದಿಂದ ಉದ್ರಿದ್ರಾ? ಒಂದ್ ಮುತ್ತಿಗೆ ಎದ್ರುಕೊಂಡು ಒಂದ್ ಜೀವ ತೆಗೆದ್‌ಬುಟ್ರಲ್ಲ!” ಎಂದರು.

ಶನಿವಾರ ಅನು ಮಂಗಳೂರಿನಿಂದ ಬಂದಳು. ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು ಮೊದಲ ಅಧ್ಯಾಯದಿಂದ ಮತ್ತೆ ಶುರು ಮಾಡಿದಳು. ಅತ್ತೆ, ಪದ್ಮಕ್ಕ, ಜೊತೆಗೆ ರಜೆಯೇ ಇಲ್ಲ ಎನ್ನುತ್ತಿದ್ದ ಶೋಭಾ ಕೂಡ ಅವಳ ಸುತ್ತ ಕುಳಿತರು. ನಾನೂ ಒಂದು ಕುರ್ಚಿ ಎಳೆದುಕೊಳ್ಳಲು ಹೋದೆ. “ನೀವಿದ್ರೆ ಮಗು ಬಿಡಿಸಿ ಓದಲ್ಲ ರೀ,” ಎಂದು ಶೋಭಾ ನನ್ನನ್ನು ಹೊರಗೆ ಕಳಿಸಿ ಬಾಗಿಲು ಮುಂದಕ್ಕೆ ಮಾಡಿಕೊಂಡಳು.

ಕರಿಯಣ್ಣ ಮೋಸಗಾರ ಹೇಗಾದ ಎಂದು ನನಗೂ ತಿಳಿಯಬೇಕಿತ್ತು. ನಾನು ಹಜಾರದಲ್ಲಿ ಪೇಪರು ಹಿಡಿದು, ಬಾಗಿಲಿನ ಹತ್ತಿರ ಹತ್ತಿರಕ್ಕೆ ಸರಿಯುತ್ತಾ ಕುಳಿತೆ. ಒಳಗೆ ಅನುವಿನ ದನಿ ಇದ್ದಕ್ಕಿದ್ದಂತೆ ತಗ್ಗಿತು. ಒಂದು ನಿಮಿಷ ಏನೂ ಕೇಳಲಿಲ್ಲ. ಆಮೇಲೆ ನಾಲ್ಕು ಹೆಂಗಸರೂ ಒಟ್ಟಿಗೆ ಬಿದ್ದು ಬಿದ್ದು ನಕ್ಕರು.

ತಡೆಯಲಾಗದೆ ಬಾಗಿಲು ತಟ್ಟಿದೆ. “ಏನಾಯ್ತು ಅತ್ತೆ?”

“ನಿಮಗ್ಯಾಕ್ ಬುಡಿ ಅಳಿಯಂದ್ರೇ,” ಅತ್ತೆಯ ದನಿ ಬಂತು. “ನೀವಿನ್ನೂ ಚಿಕ್ಕವ್ರು.”

ಬರುವ ವರ್ಷ ನನಗೆ ರಿಟೈರ್‌ಮೆಂಟು.