ಚಿಕ್ಕಜಾಜೂರಿನ ಕತ್ತರಿ ಮೇಜು

ಪ್ರತಿಯೊಂದು ಜೀವಕೋಶದೊಳಗೂ ಒಂದು ಕಚೇರಿ ನಡೆಯುತ್ತಿದೆ ಎಂಬುದು ಸಾಬೀತಾದ ಸಂಗತಿ. ಡಿಎನ್‌ಎ ಎಂಬ ಮೂಲ ದಾಖಲೆ ರೆಕಾರ್ಡ್ ರೂಮು ಬಿಟ್ಟು ಕದಲುವುದಿಲ್ಲ. ಅದರ ನಕಲಾದ ಆರ್‌ಎನ್‌ಎ ಮೇಲೆ ಕೆಲವು ಪ್ರೋಟೀನುಗಳು ಕುಳಿತು, ಯಾವ ತುಂಡು ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುತ್ತವೆ. ಉಳಿದದ್ದನ್ನು ಅಂಟಿಸಿ ಹೊರಗೆ ಕಳಿಸಲಾಗುತ್ತದೆ. ಆ ಪ್ರೋಟೀನುಗಳನ್ನೇ ತಯಾರಿಸುವ ಆದೇಶವೂ ಇದೇ ಕತ್ತರಿಗೆ ಬರುವುದರಿಂದ ಅವು ಒಂದನ್ನೊಂದು ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳುತ್ತವೆ. ನಕಲನ್ನು ಕತ್ತರಿಸಿ ಅಂಟಿಸಲಾಗುತ್ತದೆಂದು ವಿಜ್ಞಾನಿಗಳಿಗೆ ಗೊತ್ತಾದದ್ದು 1977ರಲ್ಲಿ. ಚಿಕ್ಕಜಾಜೂರಿನ ನಮ್ಮ ಅರ್ಜಿ ಸಂಕ್ಷೇಪ ಕಚೇರಿಯಲ್ಲಿ 1974ರಿಂದಲೇ ಕತ್ತರಿ ಆಡುತ್ತಿತ್ತು. ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲವಲ್ಲ ಎಂದು, ಅಲ್ಲಿ ರವಾನೆ ಗುಮಾಸ್ತನಾಗಿದ್ದ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಆ ವರ್ಷ ಕಾಗದಕ್ಕೆ ಅಭಾವ. ಅರ್ಜಿಯ ನಕಲು ಮೂರು ಸಾಲು ಮೀರಿದರೆ ಚಿತ್ರದುರ್ಗದ ಜಿಲ್ಲಾ ಕಚೇರಿಗೆ ಕಳಿಸಕೂಡದೆಂದು ಸುತ್ತೋಲೆ ಬಂತು. ನಮ್ಮ ಸಾಹೇಬರಾದ ಶಿವಕುಮಾರಪ್ಪನವರು ಇಬ್ಬರು ಕತ್ತರಿ ಗುಮಾಸ್ತರನ್ನು ನೇಮಿಸಿದರು. ರೇವಣಸಿದ್ದಪ್ಪ ಮೃದು ಮನುಷ್ಯ. ಬೇರೆಯವರನ್ನು ದೂರುವ ಸಾಲು ಕಂಡರೆ ಕತ್ತರಿಸುತ್ತಿದ್ದ. ಮರುಳಸಿದ್ದಪ್ಪ ಸ್ವಾಭಿಮಾನಿ, ಏನಾದರೂ ಬೇಡುವ ಸಾಲು ಅವನಿಗೆ ಆಗುತ್ತಿರಲಿಲ್ಲ.

ಇಬ್ಬರದೂ ತಿಂಗಳ ನೌಕರಿ. ಒಬ್ಬರ ಮುಂದುವರಿಕೆ ಆದೇಶ ಇನ್ನೊಬ್ಬರ ಕತ್ತರಿಗೆ ಬರತಕ್ಕದ್ದು. ಆ ಆದೇಶದಲ್ಲಿ ‘ಹುದ್ದೆ ಅನಗತ್ಯವಾದ್ದರಿಂದ ಇದು ರದ್ದು’ ಎಂಬ ಸಾಲು ಅಚ್ಚಾಗಿಯೇ ಇರುತ್ತಿತ್ತು. ಕತ್ತರಿಸಿದರೆ ನೌಕರಿ ಉಳಿಯಿತು; ಬಿಟ್ಟರೆ ನಾನು ಆದೇಶವನ್ನು ಕಸದ ಬುಟ್ಟಿಗೆ ರವಾನಿಸುತ್ತಿದ್ದೆ. ಒಬ್ಬನ ಕೈ ಮೇಲಾದ ತಿಂಗಳು ಇನ್ನೊಬ್ಬ ಅವನ ಆದೇಶದಲ್ಲಿ ಆ ಸಾಲನ್ನು ಕತ್ತರಿಸಲು ಮರೆಯುತ್ತಿದ್ದ. ಹಾಗೆ ಒಬ್ಬನೇ ಉಳಿದವನು, ತನ್ನ ಆದೇಶದಲ್ಲಿ ತಾನೇ ಆ ಸಾಲನ್ನು ಬಿಟ್ಟು ಮನೆಗೆ ಹೋಗತಕ್ಕದ್ದು ಎಂದು ನಿಯಮ. ಆಗ ಹೊರಗಿದ್ದವನನ್ನು ಕರೆಸುತ್ತಿದ್ದರು. ಆಡಳಿತದಲ್ಲಿ ಸಮತೋಲನ ಎಂದರೆ ಇದೇ.

ಜೂನ್ ತಿಂಗಳಲ್ಲಿ ಕುರಿ ಸಾಕುವ ಕೆಂಚಕ್ಕ ಅರ್ಜಿ ತಂದಳು. ‘ನನ್ನ ಎಂಬತ್ತು ಕುರಿಗಳು ದಿನಾ ನೀರಿಗೆ ಕೆರೆಗೆ ಹೋಗುತ್ತವೆ. ಸಸಿತೋಟದವರು ದಾರಿಗೆ ಅಡ್ಡ ಬೇಲಿ ಹಾಕಿದ್ದಾರೆ. ಇದರಿಂದ ಬಹಳ ತೊಂದರೆಯಾಗಿದೆ. ದಯಮಾಡಿ ಇದನ್ನು ತಪ್ಪಿಸಬೇಕು.’

ಆ ತಿಂಗಳು ಮೇಜಿನಲ್ಲಿ ರೇವಣಸಿದ್ದಪ್ಪ ಒಬ್ಬನೇ. ಬೇಲಿಯ ಸಾಲು ಹೋಯಿತು. ಚಿತ್ರದುರ್ಗದಿಂದ ಉತ್ತರ ಬಂತು: ‘ಕುರಿಗಳು ಕೆರೆಗೆ ಹೋಗುವುದನ್ನು ನಿಷೇಧಿಸಿದೆ.’

ಜುಲೈನಲ್ಲಿ ಮರುಳಸಿದ್ದಪ್ಪ ಒಬ್ಬನೇ. ಅದೇ ಅರ್ಜಿಯ ಹೊಸ ನಕಲು, ಕೊನೆಯ ಸಾಲು ಹೋಯಿತು. ಉತ್ತರ: ‘ವಿಷಯ ತಿಳಿಯಿತು.’

ಆಗಸ್ಟಿನಲ್ಲಿ ಕೆಲಸ ರಾಶಿ ಬಿದ್ದು ಇಬ್ಬರನ್ನೂ ಕೂರಿಸಿದರು. ಎರಡೂ ಸಾಲು ಹೋದವು. ಉತ್ತರ: ‘ನಿಮ್ಮ ಕುರಿಗಳಿಂದ ನಿಮಗೆ ತೊಂದರೆಯಾಗಿರುವುದಕ್ಕೆ ವಿಷಾದಿಸುತ್ತೇವೆ.’

ಕೆಂಚಕ್ಕ ಕಚೇರಿಗೆ ಬಂದು ನೆಲದ ಮೇಲೆ ಕುಳಿತಳು.

“ಮೂರು ತಿಂಗ್ಳಿಗೆ ಹನ್ನೊಂದು ಕುರಿ ಸತ್ವು ಸ್ವಾಮಿ. ಕೆರೆ ಕಣ್ಣೆದುರಿಗೇ ಐತೆ, ಕುಡಿಸಂಗಿಲ್ಲ.”

“ನಿನ್ನ ಅರ್ಜಿ ಉದ್ದ ಆತು ಕೆಂಚಕ್ಕ,” ಎಂದ ರೇವಣಸಿದ್ದಪ್ಪ. ಅವನಿಗೂ ನೋವಾಗಿತ್ತು.

“ಹಂಗಾದ್ರೆ ಒಂದೇ ಮಾತು ಬರ್ಕಳ್ರಿ. ಸಸಿತೋಟದೋರ ಬೇಲಿ ತೆಗೆಸ್ರಿ.”

ನಾನೇ ಬರೆದುಕೊಟ್ಟೆ. ರೇವಣಸಿದ್ದಪ್ಪ ‘ಸಸಿತೋಟದವರ ಬೇಲಿ’ಯನ್ನು ದೂರು ಎಂದು ಕತ್ತರಿಸಿದ. ಮರುಳಸಿದ್ದಪ್ಪ ‘ತೆಗೆಸಿರಿ’ಯನ್ನು ಬೇಡಿಕೆ ಎಂದು ಕತ್ತರಿಸಿದ. ಖಾಲಿ ಹಾಳೆ, ಕೆಳಗೆ ಅವಳ ಹೆಸರು, ಇಷ್ಟು ಉಳಿಯಿತು. ಮೂರು ಸಾಲು ಮೀರಿಲ್ಲವಾದ್ದರಿಂದ ರವಾನಿಸಿದೆ.

ಎಂಟೇ ದಿನಕ್ಕೆ ಸೀಲು, ಸಹಿ ಸಮೇತ ಹಾಳೆ ವಾಪಸು ಬಂತು: ‘ಪರಿಶೀಲಿಸಲಾಯಿತು. ಆಕ್ಷೇಪಾರ್ಹವಾದದ್ದು ಏನೂ ಕಂಡುಬರದ ಕಾರಣ ಮಂಜೂರು ಮಾಡಿದೆ.’

ಕೆಂಚಕ್ಕ ಅದನ್ನು ಸಸಿತೋಟದ ಕಾವಲುಗಾರ ಗುಡ್ಡಪ್ಪನಿಗೆ ತೋರಿಸಿದಳು. ಕುತೂಹಲಕ್ಕೆ ನಾನೂ ಹೋಗಿದ್ದೆ.

“ಏನು ಮಂಜೂರು ಅಂತ ಬರ್ದೇ ಇಲ್ಲವಲ್ಲವ್ವ,” ಎಂದ ಗುಡ್ಡಪ್ಪ.

“ಸೀಲು ಐತಲ್ಲಪ್ಪ.”

ಗುಡ್ಡಪ್ಪ ಸೀಲನ್ನು ಬೆರಳಿನಿಂದ ಸವರಿ ನೋಡಿದ. “ಐತೆ. ಈಗ ನಾನೇನು ಮಾಡ್ಬೇಕಂತೆ?”

“ಬೇಲಿ ಕೀಳ್ಬೇಕಂತೆ.”

ಕಿತ್ತ. ಅರವತ್ತೊಂಬತ್ತು ಕುರಿಗಳು ಕೆರೆಗೆ ಇಳಿದವು. ಕೆಂಚಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸುಳ್ಳೇಕೆ ಹೇಳಲಿ, ನನಗೂ ಸಂತೋಷವಾಯಿತು.

ಮುಂದಿನ ಸೋಮವಾರ ಕಚೇರಿಯ ಮುಂದೆ ನಲವತ್ತು ಜನ ಖಾಲಿ ಹಾಳೆ ಹಿಡಿದು ನಿಂತಿದ್ದರು. ಹೊಸದುರ್ಗ, ಹಿರಿಯೂರು ಕಡೆಯಿಂದಲೂ ಬಂದಿದ್ದರು. ಕತ್ತರಿ ಗುಮಾಸ್ತರಿಬ್ಬರೂ ಒಂದೊಂದು ಹಾಳೆಯನ್ನೂ ಬೆಳಕಿಗೆ ಹಿಡಿದು, ಕತ್ತರಿಸುವಂಥದ್ದಿಲ್ಲ ಎಂದು ಷರಾ ಬರೆದರು. ಕೆಲಸ ಸಮಸಮವಾದ್ದರಿಂದ ಇಬ್ಬರ ನೌಕರಿಯೂ ಗಟ್ಟಿಯಾಯಿತು. ಸಾಹೇಬರು ಏಳು ಹಾಳೆಗಳನ್ನು ಮಾತ್ರ ತಿರಸ್ಕರಿಸಿದರು; ಅವುಗಳ ಎಡಗಡೆ ಒಂದು ಅಂಗುಲ ಅಂಚು ಬಿಟ್ಟಿರಲಿಲ್ಲ. ಏಳು ಮಂದಿಯೂ ತಪ್ಪೊಪ್ಪಿಕೊಂಡು, ಅಂಚು ಬಿಟ್ಟು ತಂದುಕೊಟ್ಟರು.